ಒಪ್ಪಿದ ಪುಟವನ್ನೂ ಮತ್ತೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಹೊಸದಾಗಿ ವೆಬ್‌ಸೈಟ್ ಮಾಡಿಕೊಂಡವರಿಗೆಲ್ಲ ಒಂದೇ ಕೊರಗು: ನೋಡಲು ಯಾರೂ ಬರುತ್ತಿಲ್ಲ. ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುವವರಿರಲಿ, ಹೋಂಸ್ಟೇ ನಡೆಸುವವರಿರಲಿ, ಟ್ರಾಫಿಕ್ ಎಕ್ಸ್‌ಚೇಂಜ್‌ಗೆ ಸೇರಿಬಿಡಿ ಎಂದು ಯಾರಾದರೂ ಅವರಿಗೆ ಹೇಳಿಯೇ ಇರುತ್ತಾರೆ. ಹಳ್ಳಿಯ ಮುಯ್ಯಾಳು ಪದ್ಧತಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನನ್ನ ಗದ್ದೆಗೆ ನೀವು ಬನ್ನಿ. ಇಲ್ಲಿ ಬೇರೆ ಸದಸ್ಯರ ಪುಟವನ್ನು ಹತ್ತೋ ಇಪ್ಪತ್ತೋ ಸೆಕೆಂಡು ತೆರೆದಿಟ್ಟರೆ ನಿಮಗೆ ಅಂಕ ಸಿಗುತ್ತದೆ. ಆ ಅಂಕದ ಬದಲಿಗೆ ನಿಮ್ಮ ಪುಟವನ್ನು ಇತರರು ನೋಡುತ್ತಾರೆ.

ಇಂಥ ಸೇವೆಯನ್ನು ಆರಂಭಿಸುವುದು ಈಗ ಸುಲಭ. ಸಿದ್ಧ ತಂತ್ರಾಂಶ ಸಿಗುತ್ತದೆ, ಕಾಲೇಜಿನಲ್ಲಿ ಓದುತ್ತಿರುವವರೂ ನಡೆಸಬಹುದು. ಆ ಉತ್ಸಾಹಿಗಳಿಗೆ ನಾನು ಹೇಳುವುದು ಒಂದೇ ಮಾತು. ಸದಸ್ಯನಿಗೆ ಮುಂದೆ ಯಾವ ಪುಟ ತೆರೆಯುತ್ತದೆಂದು ತಿಳಿದಿರುವುದಿಲ್ಲ. ಆರಿಸಿ ಅವನ ಮುಂದಿಡುವವರು ನೀವು. ಆದ್ದರಿಂದ ಪುಟವನ್ನು ತೋರಿಸುವ ಪ್ರತಿ ಸಲವೂ ಅದನ್ನು ಪರೀಕ್ಷಿಸಿ. ಸೇರಿಸುವಾಗ ಒಮ್ಮೆ ನೋಡಿದರೆ ಸಾಲದು, ಪ್ರತಿ ಸಲ ನೋಡಬೇಕು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮತ್ತು ಲಾಹೋರಿನ ಸಂಶೋಧಕರು ಒಂಬತ್ತು ಎಕ್ಸ್‌ಚೇಂಜ್‌ಗಳನ್ನು ಜಾಲಾಡಿ 2016ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ತೆರೆದುಕೊಂಡ ವಿಳಾಸಗಳಲ್ಲಿ ನೂರಕ್ಕೆ 26ಕ್ಕೂ ಹೆಚ್ಚು ಹಾನಿಕರವಾಗಿದ್ದವು. ನಾಲ್ಕರಲ್ಲಿ ಒಂದು!

ಕೆಲವು ವರ್ಷಗಳ ಹಿಂದೆ ಇಂಥದೊಂದು ಸಣ್ಣ ಸೇವೆಯವರು ನನ್ನನ್ನು ಸಲಹೆಗೆ ಕರೆದಿದ್ದರು. ಸದಸ್ಯೆಯೊಬ್ಬರು ಮತ್ತೆ ಮತ್ತೆ ದೂರು ಬರೆಯುತ್ತಿದ್ದರು: ಅಡುಗೆಯ ಪುಟವೊಂದನ್ನು ತೆರೆದರೆ 'ನಿಮ್ಮ ಮೊಬೈಲ್‌ಗೆ ವೈರಸ್ ತಗುಲಿದೆ, ಈ ಆ್ಯಪ್ ಹಾಕಿಕೊಳ್ಳಿ' ಎಂಬ ಎಚ್ಚರಿಕೆ ಬರುತ್ತಿದೆ ಎಂದು. ಸಿಬ್ಬಂದಿ ಕಚೇರಿಯ ಕಂಪ್ಯೂಟರಿನಲ್ಲಿ ಅದೇ ವಿಳಾಸ ತೆರೆದರು. ಚಿತ್ರಾನ್ನ ಮಾಡುವ ವಿಧಾನ ಕಂಡಿತು, ಬೇರೇನೂ ಇಲ್ಲ. ತೊಂದರೆ ನಿಮ್ಮ ಮೊಬೈಲಿನದ್ದೇ ಇರಬೇಕು ಎಂದು ಉತ್ತರ ಬರೆದು ಕೈತೊಳೆದುಕೊಂಡರು. ಆಕೆ ಬಿಡಲಿಲ್ಲ. ಪ್ರತಿ ಸಲ ಗಂಟೆ ನಿಮಿಷ ಬರೆದಿಟ್ಟು ಕಳುಹಿಸಿದರು. ಆ ಹೆಣ್ಣುಮಗಳ ಶಿಸ್ತನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆ ಟಿಪ್ಪಣಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ಎಲ್ಲವೂ ಸಂಜೆ ಏಳರ ನಂತರದವು, ಎಲ್ಲವೂ ಮೊಬೈಲಿನಿಂದ. ಅಂದು ರಾತ್ರಿ ಕಚೇರಿಯ ಸಂಪರ್ಕ ಬಿಟ್ಟು, ನನ್ನ ಮೊಬೈಲ್ ಡೇಟಾದಲ್ಲಿ, ಸಾಮಾನ್ಯ ಸದಸ್ಯನಂತೆ ಒಳಹೊಕ್ಕು ಕಾದೆ. ಚಿತ್ರಾನ್ನ ಮಾಯವಾಗಿ ವೈರಸ್ಸಿನ ಕೆಂಪು ಪುಟ ಬಂದೇ ಬಂತು. ಪುಟದ ಒಡೆಯ ಬಂದವರು ಯಾರೆಂದು ನೋಡಿ ಮುಖ ತೋರಿಸುತ್ತಿದ್ದ. ಕಚೇರಿಯ ಸಂಪರ್ಕದಿಂದ ಬಂದವರಿಗೆ ಅಡುಗೆ. ಕಚೇರಿ ಮುಚ್ಚಿದ ಮೇಲೆ, ಎಕ್ಸ್‌ಚೇಂಜ್ ಮೂಲಕ, ಮೊಬೈಲಿನಿಂದ ಬಂದವರಿಗೆ ಬಲೆ. ಒಪ್ಪಿಗೆ ಪಡೆದ ದಿನ ಆ ಪುಟ ನಿಜಕ್ಕೂ ಬರೀ ಅಡುಗೆಯದ್ದೇ ಆಗಿತ್ತು. ಬಲೆ ಸೇರಿಸಿದ್ದು ಆಮೇಲೆ. ಇಷ್ಟೆಲ್ಲ ತೋರಿಸಿದರೂ ಸೇವೆಯವರು 'ನಾವು ಪರಿಶೀಲಿಸಿಯೇ ಒಪ್ಪಿದ್ದೆವಲ್ಲ ಸರ್' ಎನ್ನುತ್ತಿದ್ದರು! ಒಪ್ಪಿದ್ದು ಅಂದಿನ ಪುಟವನ್ನು ಸ್ವಾಮಿ, ಇಂದು ತೋರಿಸುತ್ತಿರುವುದು ಇಂದಿನ ಪುಟವನ್ನು.

ಹಾಗಾದರೆ ಮಾಡಬೇಕಾದದ್ದೇನು? ಗೂಗಲ್‌ನ ಸೇಫ್ ಬ್ರೌಸಿಂಗ್‌ನಂಥ ಅಪಾಯಕಾರಿ ತಾಣಗಳ ಪಟ್ಟಿಗಳಿವೆ. ಪುಟ ತೆರೆಯುವ ಮುನ್ನ ಅದರ ವಿಳಾಸವನ್ನು, ಅದು ಕೊನೆಗೆ ಎಲ್ಲಿಗೆ ಕರೆದೊಯ್ಯುತ್ತದೋ ಆ ವಿಳಾಸವನ್ನೂ, ಪಟ್ಟಿಯೊಂದಿಗೆ ತಾಳೆ ನೋಡುವಂತೆ ತಂತ್ರಾಂಶ ಬರೆಯಬಹುದು. ಒಪ್ಪಿದ ದಿನದ ಪ್ರತಿಯನ್ನು ಇಟ್ಟುಕೊಂಡು ಇಂದಿನದಕ್ಕೆ ಹೋಲಿಸಬಹುದು. ಕಚೇರಿಯ ಹೊರಗಿನ ಸಂಪರ್ಕದಿಂದ, ಮೊಬೈಲಿನಿಂದ, ಹೊತ್ತಲ್ಲದ ಹೊತ್ತಿನಲ್ಲಿ ತೆರೆದು ನೋಡಬೇಕು. ದೂರಿನ ಗುಂಡಿ ಕಣ್ಣಿಗೆ ಬೀಳುವಲ್ಲಿರಲಿ. ಒಂದೇ ದೂರು ಬಂದರೂ, ಮನುಷ್ಯರೊಬ್ಬರು ಖುದ್ದಾಗಿ ನೋಡುವವರೆಗೆ ಆ ಪುಟ ಸರದಿಯಿಂದ ಹೊರಗಿರಲಿ. ಇದಕ್ಕೆ ಖರ್ಚಾಗುತ್ತದೆ ಎಂದು ಗೊಣಗುವವರು ದಯವಿಟ್ಟು ಈ ಸೇವೆಯನ್ನೇ ನಡೆಸಬೇಡಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿದೆ. ಹಣದ ವಿಷಯವನ್ನು ಬೇಗನೆ ಹೇಳಿಬಿಡುತ್ತೇನೆ. ಅಂಕ ಕೊಡುವುದು ಬೇರೆ, ಪುಟ ನೋಡಿದ್ದಕ್ಕೆ ಹಣ ಕೊಡುತ್ತೇವೆ, ಮೊದಲು ನೀವು ಹಣ ಕಟ್ಟಿ ಎನ್ನುವುದು ಬೇರೆ. ನೋಯ್ಡಾದ ಸೋಷಿಯಲ್ ಟ್ರೇಡ್ ಪ್ರಕರಣ ನೆನಪಿರಬಹುದು. 5,750 ರೂಪಾಯಿಯಿಂದ 57,500 ರೂಪಾಯಿವರೆಗೆ ಕಟ್ಟಿಸಿಕೊಂಡು, ಕ್ಲಿಕ್ಕಿಗೆ 5 ರೂಪಾಯಿ ಕೊಡುತ್ತೇವೆ ಎಂದಿದ್ದರು. ಲಕ್ಷಾಂತರ ಜನರಿಂದ ಸುಮಾರು 3,700 ಕೋಟಿ ರೂಪಾಯಿ ಸಂಗ್ರಹಿಸಿದ್ದರೆಂದು 2017ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪೊಲೀಸರು ಹೇಳಿದರು. ಹೊಸಬರ ಹಣವನ್ನೇ ಹಳಬರಿಗೆ ಹಂಚುತ್ತಿದ್ದರು ಎಂಬುದು ಆರೋಪ. ಅಮೆರಿಕದಲ್ಲಿ 12 ಡೈಲಿ ಪ್ರೊ ಎಂಬುದರ ಮೇಲೆ 2006ರಲ್ಲಿಯೇ ಇಂಥ ಮೊಕದ್ದಮೆ ನಡೆದಿತ್ತು. ದಿನಕ್ಕೆ 12 ಪುಟ ನೋಡಿದರೆ 12 ದಿನಗಳಲ್ಲಿ ಶೇಕಡಾ 44ರಷ್ಟು ಲಾಭ ಎಂಬ ಆಮಿಷ ಅದು. ನಿಮ್ಮ ಸೈಟಿನಲ್ಲಿ ಗೂಗಲ್ ಆ್ಯಡ್‌ಸೆನ್ಸ್ ಜಾಹೀರಾತು ಇದ್ದರಂತೂ ಎಕ್ಸ್‌ಚೇಂಜ್‌ನಿಂದ ಜನರನ್ನು ತರಿಸಲೇಬೇಡಿ, ಅವರ ನಿಯಮ ಅದನ್ನು ನಿಷೇಧಿಸಿದೆ.

ಸದಸ್ಯರಾಗಿರುವವರಿಗೆ ಕೊನೆಯ ಮಾತು. ಎಕ್ಸ್‌ಚೇಂಜ್‌ಗೆ ಬೇರೆಯೇ ಬ್ರೌಸರ್ ಬಳಸಿ, ಅದರಲ್ಲಿ ನಿಮ್ಮ ಬ್ಯಾಂಕ್ ಖಾತೆಗೆ ಲಾಗಿನ್ ಆಗಬೇಡಿ. ಎಚ್ಚರಿಕೆಯ ಪುಟ ಬಂದರೆ ಚಿತ್ರ ತೆಗೆದಿಟ್ಟು, ಗಂಟೆ ಬರೆದುಕೊಂಡು, ಆಮೇಲೆ ಮುಚ್ಚಿ. ಹಣ ಹೋಗಿದ್ದರೆ ಬೆಳಗಿನವರೆಗೆ ಕಾಯದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಮಸ್ಕಾರ.