ಬಿದ್ದ ಮನೆಯ ಮಣ್ಣು ಎಲ್ಲಿಗೆ ಹೋಗಬೇಕು?

ನಮಸ್ಕಾರ. ಇವತ್ತು ಮಳೆ ನಿಂತ ಮೇಲಿನ ವಿಷಯ ಮಾತಾಡೋಣ.

ತುಂಗಭದ್ರೆ ಉಕ್ಕಿದರೆ ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರಕ್ಕೆ ನೀರು ನುಗ್ಗುತ್ತದೆ. ಕಾಳಜಿ ಕೇಂದ್ರ ತೆರೆಯುತ್ತಾರೆ, ಊಟ ಕೊಡುತ್ತಾರೆ. ಅಷ್ಟು ನಮ್ಮ ದಾವಣಗೆರೆ ಜಿಲ್ಲೆಗೆ ರೂಢಿಯಾಗಿದೆ. ನೀರು ಇಳಿದ ಮೇಲೆ ಉಳಿಯುವುದು ಬಿದ್ದ ಗೋಡೆ, ನೆನೆದ ಹಾಸಿಗೆ, ಮುಗ್ಗಿದ ಅಕ್ಕಿ, ಒಡೆದ ಸಿಮೆಂಟ್ ಶೀಟು, ಮೊಣಕಾಲುದ್ದ ಕೆಸರು. ಇದನ್ನೆಲ್ಲ ಎಲ್ಲಿ ಹಾಕಬೇಕು? ಇದಕ್ಕೆ ಉತ್ತರ ಇಲ್ಲದಿದ್ದರೆ ಟ್ರ್ಯಾಕ್ಟರಿನವನು ತಾನೇ ಏನು ಮಾಡಬೇಕು ಹೇಳಿ? ಹತ್ತಿರದ ಖಾಲಿ ಸೈಟು, ಇಲ್ಲಾಂದ್ರೆ ರಾಜಕಾಲುವೆ ದಂಡೆ. ಮುಂದಿನ ಮಳೆಗೆ ಅದೇ ಮಣ್ಣು ಕಾಲುವೆಗೆ ಇಳಿಯುತ್ತದೆ. ಹೋದ ಸಲ ಮುಳುಗದ ಮನೆಗೂ ಆಗ ನೀರು ಬರುತ್ತದೆ.

ನಾನು ಕೇಳುತ್ತಿರುವುದು ಇಷ್ಟೇ. ಅವಶೇಷ ಹಾಕುವ ಜಾಗವನ್ನು ಮಳೆಗಾಲಕ್ಕೆ ಮುಂಚೆಯೇ ವಾರ್ಡ್‌ವಾರು ಗುರುತಿಸಬೇಕು. ಟಿಪ್ಪರ್ ತಿರುಗಿಸುವಷ್ಟು ಜಾಗ ಇರಬೇಕು. ಕೆರೆ ಅಂಗಳ ಬೇಡ, ಶಾಲೆ ಮೈದಾನ ಬೇಡ. ಕಲ್ಲು ಇಟ್ಟಿಗೆ ಒಂದು ಕಡೆ, ಮರ ಒಂದು ಕಡೆ, ಕಬ್ಬಿಣ ಒಂದು ಕಡೆ ಅಲ್ಲೇ ಬೇರೆಯಾಗಬೇಕು. ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್ ಇರುತ್ತದೆ. ಒಡೆದರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಅದನ್ನು ನೀರು ಚಿಮುಕಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಪ್ರತ್ಯೇಕವಾಗಿ ಇಡಬೇಕು. ಇದನ್ನೆಲ್ಲ ಎತ್ತುವುದು ಪೌರಕಾರ್ಮಿಕರು, ಅಲ್ವಾ? ಅವರ ಕೈಗೆ ಗ್ಲೌಸ್, ಕಾಲಿಗೆ ಬೂಟು, ಮುಖಕ್ಕೆ ಮಾಸ್ಕ್ ಮೊದಲೇ ಸ್ಟಾಕ್ ಇರಬೇಕು.

ಜಪಾನಿನಲ್ಲಿ ಹಿಗಾಶಿ-ಮಾತ್ಸುಶಿಮಾ ಅಂತ ಒಂದು ಸಣ್ಣ ಊರಿದೆ. 2003ರ ಭೂಕಂಪದಲ್ಲಿ ಎಲ್ಲ ಬೆರೆಸಿ ರಾಶಿ ಹಾಕಿ ಅವರು ಪಾಡುಪಟ್ಟಿದ್ದರು. ಅದಕ್ಕೇ 2011ರ ಸುನಾಮಿ ಬಂದಾಗ ಶುರುವಿನಿಂದಲೇ ವಿಂಗಡಿಸಿದರು. ಮನೆ ಕೆಲಸ ಎರಡೂ ಕಳೆದುಕೊಂಡವರಿಗೆ ಆ ಕೆಲಸ ಕೊಟ್ಟರು. ಹೆಚ್ಚುಕಡಿಮೆ ಶೇ 97ರಷ್ಟು ಅವಶೇಷ ಮರುಬಳಕೆ ಆಯಿತು. ನೆರೆ ಬಂದ ವಾರ ಕೂಲಿ ಇಲ್ಲದೆ ಕೂರುವ ಜನ ನಮ್ಮಲ್ಲೂ ಇದ್ದಾರೆ. ಆ ದಿನಗೂಲಿ ಅವರಿಗೇ ಸಿಗಲಿ.

ಇನ್ನೊಂದು ಮಾತು, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಹಳೇ ಊರಿನಲ್ಲಿ, ಚಿತ್ರದುರ್ಗದ ಕಡೆ ಹಳ್ಳಿಗಳಲ್ಲಿ ಇನ್ನೂ ಮಣ್ಣಿನ ಮಾಳಿಗೆ ಮನೆಗಳಿವೆ. ಜಡಿಮಳೆ ಹಿಡಿದರೆ ಗೋಡೆ ನೆನೆದು ಕುಸಿಯುತ್ತದೆ. ಜೆಸಿಬಿಯವನಿಗೆ ಅದು ಮಣ್ಣಿನ ಗುಡ್ಡೆ. ಮನೆಯವರಿಗೆ ಅದರೊಳಗೆ ಅಜ್ಜನ ಕಾಲದ ತೊಲೆ ಇದೆ, ಬಾಗಿಲ ಚೌಕಟ್ಟಿದೆ, ಟ್ರಂಕಿನಲ್ಲಿ ಹಕ್ಕುಪತ್ರ, ಮಗಳ ಮಾರ್ಕ್ಸ್ ಕಾರ್ಡು ಇದೆ. ಆ ತೊಲೆ ಮತ್ತೆ ಮನೆ ಕಟ್ಟಲು ಬೇಕು. ಆ ಮಣ್ಣೂ ಬೇಕು. ಫೋಟೊ, ಮಹಜರು ಆಗದೆ ಎಲ್ಲ ಬಳಿದುಕೊಂಡು ಹೋದರೆ ಪರಿಹಾರ ಕೇಳಲು ಏನನ್ನು ತೋರಿಸುವುದು? ರಸ್ತೆಗೆ ಬಿದ್ದದ್ದನ್ನು ತಕ್ಷಣ ಸರಿಸಿ. ಒಳಗಿನದನ್ನು ಮನೆಯವರನ್ನು ನಿಲ್ಲಿಸಿಕೊಂಡೇ ತೆಗೆಯಿರಿ.

ದುಡ್ಡು ಎಲ್ಲಿಂದ ಅಂತೀರಾ? ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ಸಾರ್ವಜನಿಕ ಜಾಗದ ಅವಶೇಷ ತೆಗೆಯುವುದಕ್ಕೆ ಅಂತಲೇ ಅವಕಾಶ ಇದೆ. ಆದರೆ ಕೆಲಸ ಶುರುವಾದ 30 ದಿನದೊಳಗಿನ ಖರ್ಚಿಗೆ ಮಾತ್ರ. ಕೆಲಸ ಶುರು ಮಾಡಿದ ಮೇಲೆ ಜಾಗ ಹುಡುಕುವುದರಲ್ಲೇ ಎರಡು ವಾರ ಹೋದರೆ ಉಳಿಯುವುದೆಷ್ಟು?

2025ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಗೆ ತಿದ್ದುಪಡಿ ಆಯಿತು. ಮಹಾನಗರ ಪಾಲಿಕೆ ಇರುವ ಊರಿಗೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾಡಲು ಸರ್ಕಾರಕ್ಕೆ ಈಗ ಅಧಿಕಾರ ಇದೆ. ಪಾಲಿಕೆ ಕಮಿಷನರ್ ಅದರ ಅಧ್ಯಕ್ಷರು, ಡಿಸಿ ಉಪಾಧ್ಯಕ್ಷರು. ದಾವಣಗೆರೆಗೆ ಇದು ಸಿಗಬಹುದು. ಚಿತ್ರದುರ್ಗ, ಹರಿಹರ ನಗರಸಭೆಗಳು, ಆ ಲೆಕ್ಕಕ್ಕೆ ಬರುವುದಿಲ್ಲ. ಅವರು ಕಾಯುವುದೂ ಬೇಡ. ಜಾಗದ ಪಟ್ಟಿ, ಜೆಸಿಬಿ ಟ್ರ್ಯಾಕ್ಟರ್ ಬಾಡಿಗೆ ದರ, ಯಾವ ವಾರ್ಡಿಗೆ ಯಾರು ಉಸ್ತುವಾರಿ, ಇಷ್ಟನ್ನು ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಿದರೆ ಸಾಕು. ಮುಂಗಾರು ಬರುವುದು ಜೂನ್‌ನಲ್ಲಿ. ಮೇ ತಿಂಗಳು ಮುಗಿಯುವುದರೊಳಗೆ ಆ ಪಟ್ಟಿಯನ್ನು ಪ್ರತಿ ವಾರ್ಡಿನ ನ್ಯಾಯಬೆಲೆ ಅಂಗಡಿ ಗೋಡೆಗೆ ಅಂಟಿಸಿ.