ಕಾಲಿಲ್ಲದ ಕೋಶ ನಡೆಯುವುದು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆರಳಿಗೆ ಮುಳ್ಳು ಚುಚ್ಚಿದರೆ ಆ ಜಾಗಕ್ಕೆ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ರಕ್ತದಲ್ಲಿ ತೇಲಿ ಬರುವುದು ಹತ್ತಿರದ ತನಕ ಮಾತ್ರ. ರಕ್ತನಾಳದ ಗೋಡೆ ದಾಟಿದ ಮೇಲೆ ತೆವಳಿಕೊಂಡೇ ಹೋಗಬೇಕು. ವೇಗ ನಿಮಿಷಕ್ಕೆ ಸುಮಾರು 10 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ಇಷ್ಟೇನಾ ಅನ್ನಬೇಡಿ. ಆ ಕಣದ ಮೈಯಳತೆಯೂ ಹೆಚ್ಚುಕಡಿಮೆ ಅಷ್ಟೇ.

ಈ ಕಣವೂ ಒಂದು ಜೀವಕೋಶವೇ. ಅದಕ್ಕೆ ಕಾಲಿಲ್ಲ, ಸ್ನಾಯುವಿಲ್ಲ. ಮತ್ತೆ ತಳ್ಳುವವರು ಯಾರು?

ಇಷ್ಟು ಸಣ್ಣ ಲೋಕದಲ್ಲಿ ಜಡತ್ವ ಲೆಕ್ಕಕ್ಕೇ ಬರುವುದಿಲ್ಲ. ಈಜುವ ಬ್ಯಾಕ್ಟೀರಿಯಾ ಬಾಲ ತಿರುಗಿಸುವುದನ್ನು ನಿಲ್ಲಿಸಿದರೆ, ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಜಾರುವುದಿಲ್ಲ. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಲೆಕ್ಕ ಹಾಕಿ ಇದನ್ನು ಹೇಳಿದರು. ಅಂದಮೇಲೆ ಬಿಡದೆ ತಳ್ಳುತ್ತಲೇ ಇರಬೇಕು, ಅಲ್ವಾ?

ತೆವಳುವ ಕೋಶದಲ್ಲಿ ಈ ಕೆಲಸ ಆಕ್ಟಿನ್ ಎಂಬ ಪ್ರೋಟೀನಿನದು. ಇದರ ಬಿಡಿ ಅಣುಗಳು ಒಂದಕ್ಕೊಂದು ಕೂಡಿ 7 ನ್ಯಾನೋಮೀಟರ್ ದಪ್ಪದ ಎಳೆಗಳಾಗುತ್ತವೆ. ನ್ಯಾನೋಮೀಟರ್ ಅಂದರೆ ಮೈಕ್ರೋಮೀಟರಿನ ಸಾವಿರದಲ್ಲೊಂದು ಪಾಲು. ಎಳೆಗಳು ಕವಲೊಡೆದು, ಬಲೆಯಾಗಿ, ಕೋಶದ ಮುಂಬದಿಯ ಪೊರೆಗೆ ತಾಗಿ ನಿಲ್ಲುತ್ತವೆ. ಸ್ವಾರಸ್ಯ ಇರುವುದು ಇಲ್ಲೇ. ಎಳೆಯ ತುದಿಗೂ ಪೊರೆಗೂ ನಡುವೆ ಜಾಗವಿಲ್ಲ. ಹಾಗಿದ್ದರೆ ಹೊಸ ಅಣು ತೂರುವುದು ಎಲ್ಲಿ? ಶಾಖದ ದೆಸೆಯಿಂದ ಅಲ್ಲಿ ಯಾವುದೂ ಸುಮ್ನೆ ಕೂರುವುದಿಲ್ಲ. ಪೊರೆ ನಡುಗುತ್ತದೆ, ಎಳೆಯ ತುದಿ ಅಲುಗುತ್ತದೆ. ಒಂದು ಗಳಿಗೆ ಸಂದು ಬಿಟ್ಟರೆ ಸಾಕು, ಅಣು ನುಗ್ಗಿ ಅಂಟಿಕೊಳ್ಳುತ್ತದೆ. ಎಳೆ 2.7 ನ್ಯಾನೋಮೀಟರ್ ಬೆಳೆಯಿತು. ಬಿರುಕಿಗೆ ಬೆಣೆ ಸೇರಿಸಿದ ಹಾಗೆ, ಪೊರೆ ಇನ್ನು ಹಿಂದಕ್ಕೆ ಬರಲಾರದು. ಪೆಸ್ಕಿನ್, ಓಡೆಲ್, ಆಸ್ಟರ್ ಎಂಬ ಮೂವರು ವಿಜ್ಞಾನಿಗಳು 1993ರಲ್ಲಿ ಈ ವಿವರಣೆಯ ತಿರುಳನ್ನು ಕೊಟ್ಟರು. ನನಗಂತೂ ಇದು ಬಹಳ ಜಾಣ ಉಪಾಯವಾಗಿ ಕಾಣುತ್ತದೆ. ಗೊತ್ತುಗುರಿಯಿಲ್ಲದ ನಡುಕವನ್ನೇ ಹಿಡಿದು ಒಂದೇ ದಿಕ್ಕಿಗೆ ತಿರುಗಿಸಿಕೊಳ್ಳುವುದು!

ಒಂದು ಎಳೆಯ ಬಲ ಕೆಲವೇ ಪಿಕೋನ್ಯೂಟನ್. ಒಂದು ನ್ಯೂಟನ್ನನ್ನು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವುದು ಒಂದು ಪಿಕೋನ್ಯೂಟನ್. ನೂರಾರು ಎಳೆ ಒಟ್ಟಿಗೆ ತಳ್ಳುವುದರಿಂದ ಕೆಲಸ ನಡೆಯುತ್ತದೆ.

ತಳ್ಳಿದರಷ್ಟೇ ಸಾಲದು, ನೆಲದ ಹಿಡಿತವೂ ಬೇಕು. ಇಲ್ಲದಿದ್ದರೆ ಬಲೆಯೇ ಹಿಂದಕ್ಕೆ ಜಾರುತ್ತದೆ. ಎಷ್ಟೋ ಕೋಶಗಳಲ್ಲಿ ಪೊರೆಯಲ್ಲಿರುವ ಇಂಟೆಗ್ರಿನ್ ಪ್ರೋಟೀನುಗಳು ಹೊರಗಿನ ನಾರುಗಳನ್ನು ಹಿಡಿದುಕೊಳ್ಳುತ್ತವೆ. ಹಿಡಿತ ಜಾಸ್ತಿಯಾದರೂ ಕಷ್ಟ, ಹಿಂಬದಿ ಬಿಟ್ಟು ಬರುವುದಿಲ್ಲ. ಆ ಹಿಂಬದಿಯನ್ನು ಎಳೆದು ತರುವುದು ಮಯೋಸಿನ್. ನಮ್ಮ ಸ್ನಾಯು ಬಿಗಿಯಾಗುವುದೂ ಇದೇ ಬಗೆಯ ಪ್ರೋಟೀನಿನಿಂದ.

ಇದಕ್ಕೆಲ್ಲ ಕೋಶದ ಕೇಂದ್ರ, ಅಂದರೆ ನ್ಯೂಕ್ಲಿಯಸ್, ಅಪ್ಪಣೆ ಕೊಡಬೇಕೇ? ಬೇಕಿಲ್ಲ. ಮೀನಿನ ಹುರುಪೆಯ ಮೇಲಿನ ಕೋಶಗಳಿಂದ ಕೇಂದ್ರವೇ ಇಲ್ಲದ ತುಣುಕುಗಳನ್ನು ಬೇರ್ಪಡಿಸಿ ನೋಡಿದ್ದಾರೆ. ಅವುಗಳಲ್ಲಿ ಕೆಲವು ದುಂಡಗೆ, ಅಲುಗದೆ ಕೂತಿರುತ್ತವೆ. 1999ರ ಒಂದು ಪ್ರಯೋಗದಲ್ಲಿ ಅಂಥ ತುಣುಕನ್ನು ಒಂದು ಬದಿಯಿಂದ ನೂಕಿದರು. ಅದು ಅರ್ಧಚಂದ್ರದ ಆಕಾರ ತಾಳಿ ಹೊರಟಿತು. ನೂಕುವುದನ್ನು ನಿಲ್ಲಿಸಿದ ಮೇಲೂ ತೆವಳುತ್ತಲೇ ಇತ್ತು.