ಪೆನ್ನು ಬಿಚ್ಚುವ ಮುನ್ನ

ಎಲ್ಲರಿಗೂ ನಮಸ್ಕಾರ. ಲೇತಿನ ಮುಂದೆ ವರ್ಷಗಟ್ಟಲೆ ನಿಂತವರೇ ಇಲ್ಲಿ ಕೂತಿದ್ದೀರಿ, ಮರದ ಪೆನ್ನು ಮಾಡೋದನ್ನ ನಾನು ಹೇಳಿಕೊಡಬೇಕಾಗಿಲ್ಲ. ಇವತ್ತು ಬಿಚ್ಚುವ ಮಾತು.

ಹೋದ ತಿಂಗಳು ಒಬ್ಬ ಹೆಣ್ಣುಮಗಳು ಬೀಟೆಯ ಪೆನ್ನೊಂದು ತಂದರು. ತೀರಿಹೋದ ತಂದೆಗೆ ನಿವೃತ್ತಿಯ ದಿನ ಕೊಟ್ಟಿದ್ದಂತೆ. ತಿರುಗಿಸಿದರೆ ರೀಫಿಲ್ ಹೊರಗೆ ಬರುತ್ತಿರಲಿಲ್ಲ. ಯಾರೋ ರಿಪೇರಿ ಮಾಡ್ತೀನಿ ಅಂತ ಕಟಿಂಗ್ ಪ್ಲೇಯರಲ್ಲಿ ಮರವನ್ನೇ ಕಚ್ಚಿ ತಿರುಚಿದ್ದಾರೆ. ಮೈಮೇಲೆ ಸಾಲಾಗಿ ಹಲ್ಲಿನ ಗುರುತು, ನಡುವಿನ ಉಂಗುರದ ಪಕ್ಕ ಕೂದಲೆಳೆಯಷ್ಟು ಸೀಳು. "ಬರೆಯದಿದ್ದರೂ ಪರವಾಗಿಲ್ಲ ಸರ್, ಇದು ಇನ್ನು ಸೀಳದೆ ಇದ್ದರೆ ಸಾಕು" ಅಂದರು. ಆ ಮಾತು ಮನಸ್ಸಿನಿಂದ ಹೋಗಿಲ್ಲ.

ನಾವು ಹೆಚ್ಚಾಗಿ ಮಾಡುವ ಸ್ಲಿಮ್‌ಲೈನ್, ಅಂದರೆ ತಿರುಗಿಸಿ ಬರೆಯುವ ತೆಳು ಪೆನ್ನನ್ನೇ ತಗೊಳ್ಳಿ. ಮರದೊಳಗೆ 7 ಮಿ.ಮೀ. ಹಿತ್ತಾಳೆ ಕೊಳವೆ. ಮರಕ್ಕೂ ಕೊಳವೆಗೂ ಅಂಟು, ಮಿಕ್ಕ ಭಾಗಗಳೆಲ್ಲ ಕೊಳವೆಯೊಳಗೆ ಒತ್ತಿ ಕೂರಿಸಿದವು. ಹಾಗಾಗಿ ಪೆಟ್ಟು ಬೀಳಬೇಕಾದ್ದು ಲೋಹಕ್ಕೆ, ಮರಕ್ಕಲ್ಲ.

ಮೇಲಿನ ಅರ್ಧವನ್ನು ನಿಧಾನವಾಗಿ ತಿರುಗಿಸುತ್ತಾ ಎಳೆಯಿರಿ. ರೀಫಿಲ್ಲನ್ನು ತಿರುಗಿಸಿ ಬಿಚ್ಚಿ ತೆಗೆಯಿರಿ. ಆ ರೀಫಿಲ್ ಕೂತಿದ್ದ ತೂತಿನಲ್ಲೇ ತೆಳು ಕಂಬಿ ಇಳಿಸಿದರೆ ಅದು ಮೂತಿಯ ಒಳಗಂಚಿಗೆ ತಾಗುತ್ತದೆ. ಪೆನ್ನನ್ನು ಕೈಯಲ್ಲೇ ಹಿಡಿಯಿರಿ, ವೈಸ್ ಬೇಡ. ಕೆಳಗೆ ಮಡಿಸಿದ ಬಟ್ಟೆ ಇರಲಿ. ಸಣ್ಣ ಸುತ್ತಿಗೆಯಲ್ಲಿ ಟಣ್, ಟಣ್ ಅಂತ ತಟ್ಟುತ್ತಾ ಹೋದಾಗ ಒಮ್ಮೆ ದನಿ ಮೆತ್ತಗಾಗುತ್ತದೆ. ಮೂತಿ ಸಡಿಲಾಯ್ತು ಅಂತ ಅರ್ಥ, ಅಲ್ಲಿಂದ ಇನ್ನೂ ಹಗುರ ಕೈ. ಮೂತಿ ಬಿದ್ದ ಮೇಲೆ ಆ ಕಡೆಯಿಂದ 6 ಮಿ.ಮೀ. ಕಂಬಿ ಹಾಕಿ, ರೀಫಿಲ್ಲನ್ನು ಹೊರಗೆ ಒಳಗೆ ಮಾಡುವ ತಿರುಗುವ ಯಂತ್ರವನ್ನು ತಳ್ಳಿ. ಕ್ಲಿಪ್ಪೂ ಹೀಗೇ, ಒಳಗಿನಿಂದ ಹೊರಕ್ಕೆ. ಎಲ್ಲೂ ಮರಕ್ಕೆ ಪೆಟ್ಟಿಲ್ಲ, ನೋಡಿ.

ಇದನ್ನೇ ಯಾಕೆ ಮತ್ತೆ ಮತ್ತೆ ಹೇಳ್ತೀನಂದರೆ, ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಅದರ ಜೊತೆ ಕುಗ್ಗುವುದಿಲ್ಲ. ಮರ ಆಗಲೇ ಬಿಗಿದುಕೊಂಡಿರುತ್ತದೆ. ಅದರ ಮೇಲೆ ಪ್ಲೇಯರ್ ಬಿದ್ದರೆ ಎಳೆಯ ಉದ್ದಕ್ಕೂ ಸೀಳುತ್ತದೆ.

ಗಂಟೆ ನೋಡಿ ಅಂತ ಸನ್ನೆ ಬರ್ತಿದೆ, ಬೇಗ ಹೇಳ್ತೀನಿ. ಒಳಗೆ ಸೂಪರ್ ಗ್ಲೂ ಇಳಿದು ಕಚ್ಚಿದ್ದರೆ ಕಾದ ಸಾಲ್ಡರಿಂಗ್ ಐರನ್ನಿನ ತುದಿಯನ್ನು ಲೋಹಕ್ಕೆ ಮಾತ್ರ ಮುಟ್ಟಿಸಿ, ಅಂಟು ಸಡಿಲಾಗುತ್ತದೆ. ಚನ್ನಪಟ್ಟಣದ ಅರಗಿನ ಪೆನ್ನಾದರೆ ಬಿಸಿ ಬೇಡವೇ ಬೇಡ, ಲೇತಿನ ಬಿಸಿಗೆ ಹತ್ತಿದ ಅರಗು ಬಿಸಿಗೇ ಕರಗುತ್ತದೆ. ಅಂಟು ಕರಗಿಸಲು ಅಸಿಟೋನ್ ಹಾಕಿದರೆ ಅದು ಮರದ ಮೇಲಿನ ಸೂಪರ್ ಗ್ಲೂ ಪಾಲಿಶನ್ನೂ ತಿನ್ನುತ್ತದೆ, ಹುಷಾರು.

ಆ ಬೀಟೆ ಪೆನ್ನಿನ ಸೀಳಿಗೆ ನೀರಿನಂಥ ತೆಳು ಅಂಟನ್ನು ಒಂದೇ ಹನಿ ಬಿಟ್ಟೆ, ತಾನೇ ಒಳಗೆ ಹೀರಿಕೊಂಡಿತು. ಹಲ್ಲಿನ ಗುರುತು ಹಾಗೇ ಇದೆ. ಉಜ್ಜಿದರೆ ಮರ ಉಂಗುರಕ್ಕಿಂತ ತಗ್ಗಿಬಿಡುತ್ತಿತ್ತು. ಯಂತ್ರ ಹೊಸದು ಹಾಕಿದೆ, ಈಗ ಬರೆಯುತ್ತದೆ.

ಹಿಂದಿನ ಮೇಜಿನ ಮೇಲೆ ಕಂಬಿಗಳೂ ಹಳೆಯ ಪೆನ್ನುಗಳೂ ಇವೆ. ಊಟಕ್ಕೆ ಮುಂಚೆ ಬನ್ನಿ, ಒಂದೊಂದು ಬಿಚ್ಚೋಣ.